ಜೇನಿನ ಸಿಟ್ಟಿಗೂ ಒಂದು ಇತಿಹಾಸವಿದೆ

1914ರ ಅಕ್ಟೋಬರ್ 16ರಂದು ಮುಂಬೈ ಬಂದರಿನಿಂದ ಹಡಗುಗಳ ದೊಡ್ಡದೊಂದು ಸಾಲು ಪೂರ್ವ ಆಫ್ರಿಕದತ್ತ ಹೊರಟಿತು. ಮೊದಲ ಮಹಾಯುದ್ಧ ಶುರುವಾಗಿ ಎರಡೂವರೆ ತಿಂಗಳಾಗಿತ್ತು. ಹಡಗುಗಳಲ್ಲಿದ್ದ ಸುಮಾರು ಎಂಟು ಸಾವಿರ ಸೈನಿಕರಲ್ಲಿ ಹೆಚ್ಚಿನವರು ಭಾರತೀಯರು. ಈ ಪಡೆಯ ಒಂದು ಭಾಗದ ಹೆಸರು 27ನೇ ಬೆಂಗಳೂರು ಬ್ರಿಗೇಡ್. ಬೆಂಗಳೂರು ದಂಡಿನ ಹೆಸರು ಹೊತ್ತಿದ್ದ ಈ ಬ್ರಿಗೇಡಿನಲ್ಲಿ ನಾಡಿನ ಬೇರೆ ಬೇರೆ ಕಡೆಯ ಪಲ್ಟನ್ನುಗಳಿದ್ದವು. ಜರ್ಮನರ ವಶದಲ್ಲಿದ್ದ ಟಾಂಗಾ ಎಂಬ ಪುಟ್ಟ ಬಂದರು ಪಟ್ಟಣವನ್ನು ಹಿಡಿಯುವುದು ಅವರಿಗೆ ಕೊಟ್ಟ ಕೆಲಸ. ಆ ಪಟ್ಟಣ ಇಂದಿನ ತಾಂಜಾನಿಯಾದಲ್ಲಿದೆ.

ಕಾವಲಿಗಿದ್ದ ಜರ್ಮನ್ ಪಡೆ ಸಾವಿರದ ಆಸುಪಾಸಿನದು. ಕೆಲಸ ಸುಲಭವೆಂದೇ ಬ್ರಿಟಿಷ್ ಅಧಿಕಾರಿಗಳು ನಂಬಿದ್ದರು. ನವೆಂಬರ್ 4ರಂದು ದಟ್ಟ ಪೊದೆಗಳು ಮತ್ತು ತೋಟಗಳ ನಡುವೆ ಕಾಳಗ ನಡೆಯಿತು. ಅಲ್ಲಿನ ಮರಗಳಲ್ಲಿ ಸ್ಥಳೀಯರು ಟೊಳ್ಳು ದಿಮ್ಮಿಗಳನ್ನು ನೇತುಹಾಕಿ ಜೇನು ಕೂರಿಸಿದ್ದರು. ಗುಂಡುಗಳು ಸೈನಿಕರಿಗೆ ತಾಗಿದಂತೆ ಈ ದಿಮ್ಮಿಗಳಿಗೂ ತಾಗಿದವು. ಗೂಡುಗಳಿಂದ ಎದ್ದ ಜೇನು 98ನೇ ಇನ್‌ಫೆಂಟ್ರಿಯ ಮೇಲೆ ಬಿತ್ತು. ವಾರಗಟ್ಟಲೆ ಹಡಗಿನಲ್ಲಿ ಕುಳಿತು ಸೋತುಹೋಗಿದ್ದ ಸೈನಿಕರು ಬಂದೂಕು ಬಿಟ್ಟು ಓಡಿದರು. ಮರುದಿನ ಇಡೀ ಪಡೆ ಮತ್ತೆ ಹಡಗು ಹತ್ತಿತು. ಸತ್ತವರು, ಗಾಯಗೊಂಡವರು ಎಂಟು ನೂರಕ್ಕೂ ಹೆಚ್ಚು. ಸೋಲಿಗೆ ನಿಜವಾದ ಕಾರಣಗಳು ಕೆಟ್ಟ ಯೋಜನೆ, ಕೆಟ್ಟ ಬೇಹುಗಾರಿಕೆ ಮತ್ತು ಜರ್ಮನ್ ಮೆಷಿನ್‌ಗನ್‌ಗಳು. ಆದರೆ ಜನರ ನೆನಪಿನಲ್ಲಿ ಉಳಿದದ್ದು ‘ಜೇನುನೊಣಗಳ ಕದನ’ ಎಂಬ ಹೆಸರು.

ಬ್ರಿಟಿಷ್ ಪ್ರಚಾರದಲ್ಲಿ ಈ ಘಟನೆ ಬೇರೆಯೇ ರೂಪ ತಾಳಿತು. ಜರ್ಮನರು ಗೂಡುಗಳಿಗೆ ತಂತಿ ಕಟ್ಟಿ, ಸೈನಿಕರು ಅದನ್ನು ಎಡವಿದರೆ ಜೇನು ಏಳುವಂತೆ ಹೂಡಿದ್ದರಂತೆ. ಅಂಥ ಹೂಟ ಯಾವುದೂ ಇರಲಿಲ್ಲ. ಜರ್ಮನ್ ಪಡೆಯ ಮೆಷಿನ್‌ಗನ್ ಹಿಡಿದವರೂ ಅಂದು ಕಡಿತ ತಿಂದಿದ್ದರು. ಜೇನಿಗೆ ಎರಡು ಸೈನ್ಯಗಳ ವ್ಯತ್ಯಾಸ ಗೊತ್ತಿರಲಿಲ್ಲ. ಅದಕ್ಕೆ ತಿಳಿದದ್ದು ಗೂಡು ಅದುರಿತು ಎಂಬುದಷ್ಟೆ.

ಜೇನು ಮನುಷ್ಯನ ಮೇಲೆ ಎರಗಿದಾಗಲೆಲ್ಲ ಅದರ ಹಿಂದೆ ಹಗೆಯನ್ನೋ ಕುತಂತ್ರವನ್ನೋ ಹುಡುಕುವ ಅಭ್ಯಾಸ ಹಳೆಯದು. ಟಾಂಗಾದ ನಂತರದ ನಾಲ್ಕು ದಶಕಗಳಲ್ಲಿ ಅದೇ ಆಫ್ರಿಕದ ಜೇನು ಅಟ್ಲಾಂಟಿಕ್ ದಾಟಿ ಹೋಗಿ, ಇಪ್ಪತ್ತನೇ ಶತಮಾನದ ಅತಿ ದೊಡ್ಡ ಕೀಟಭಯವೊಂದಕ್ಕೆ ಕಾರಣವಾಯಿತು. ಅದಕ್ಕೆ ‘ಕೊಲೆಗಾರ ಜೇನು’ ಎಂಬ ಹೆಸರೂ ಬಿತ್ತು. ಆ ಕಥೆಯನ್ನು ಮೊದಲಿನಿಂದ ನೋಡಿದರೆ ಜೇನು ಯಾಕೆ ಎರಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಅಮೆರಿಕ ಖಂಡಗಳಲ್ಲಿ ಮೊದಲಿಗೆ ಇಂದು ಪೆಟ್ಟಿಗೆಯಲ್ಲಿ ಸಾಕುವ ಜೇನು ಇರಲೇ ಇಲ್ಲ. ಬ್ರೆಜಿಲಿನ ಕಾಡುಗಳಲ್ಲಿದ್ದದ್ದು ಮುಳ್ಳಿಲ್ಲದ ಜೇನು. ಕರಾವಳಿ, ಮಲೆನಾಡಿನವರು ಮುಜಂಟಿ ಎಂದೂ ಮಿಸ್ರಿ ಎಂದೂ ಕರೆಯುವ ಪುಟ್ಟ ಜೇನಿನ ದೂರದ ನೆಂಟ. 1839ರ ಸುಮಾರಿಗೆ ಪಾದ್ರಿಯೊಬ್ಬರು ಪೋರ್ಚುಗಲ್‌ನಿಂದ ರಿಯೊ ಡಿ ಜನೈರೊಗೆ ಯುರೋಪಿನ ಜೇನುಪೆಟ್ಟಿಗೆಗಳನ್ನು ತಂದರು. ಆಮೇಲೆ ಜರ್ಮನಿ, ಇಟಲಿಗಳಿಂದ ವಲಸೆ ಬಂದವರೂ ತಂತಮ್ಮ ಜೇನು ತಂದರು. ಆದರೆ ಹಿಮ ಬೀಳುವ ನಾಡಿನ ಈ ಜೇನು ಉಷ್ಣವಲಯದ ಸೆಕೆಗೆ, ಮಳೆಗೆ ಚೆನ್ನಾಗಿ ಒಗ್ಗಲಿಲ್ಲ. ಅಷ್ಟು ದೊಡ್ಡ ದೇಶದಲ್ಲಿ ತುಪ್ಪದ ಇಳುವರಿ ಕಡಿಮೆಯೇ ಉಳಿಯಿತು.

ಈ ಸಮಸ್ಯೆ ವಾರ್ವಿಕ್ ಎಸ್ತೆವಾಂ ಕೆರ್ ಎಂಬ ತಳಿವಿಜ್ಞಾನಿಯ ಮುಂದೆ ಬಂತು. 1922ರಲ್ಲಿ ಸಾವೊ ಪಾಲೊ ರಾಜ್ಯದಲ್ಲಿ ಹುಟ್ಟಿದ ಕೆರ್ ಕೃಷಿವಿಜ್ಞಾನ ಓದಿದವರು. ಅವರಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ತಮ್ಮ ನಾಡಿನ ಮುಳ್ಳಿಲ್ಲದ ಜೇನು. ಉಷ್ಣವಲಯಕ್ಕೆ ಒಗ್ಗಿದ ಆಫ್ರಿಕದ ಜೇನನ್ನು ತಂದು, ಯುರೋಪಿನ ಸೌಮ್ಯ ಜೇನಿನೊಂದಿಗೆ ಕೂಡಿಸಿ, ಹೆಚ್ಚು ತುಪ್ಪ ಕೊಡುವ, ಸಿಟ್ಟು ಕಡಿಮೆಯಿರುವ ಹೊಸ ತಳಿ ಮಾಡಬಹುದೆಂಬುದು ಅವರ ಲೆಕ್ಕಾಚಾರ. ಎರಡೂ ಒಂದೇ ಪ್ರಭೇದದ ಉಪಜಾತಿಗಳಾದ್ದರಿಂದ ಕೂಡುವುದಕ್ಕೆ ಅಡ್ಡಿಯಿರಲಿಲ್ಲ. 1956ರಲ್ಲಿ ಕೆರ್ ದಕ್ಷಿಣ ಆಫ್ರಿಕದಿಂದಲೂ ಟಾಂಗಾನಿಕಾದಿಂದಲೂ ರಾಣಿಜೇನುಗಳನ್ನು ಸಂಗ್ರಹಿಸಿದರು. ಟಾಂಗಾ ಬಂದರು ಇರುವುದು ಆ ಟಾಂಗಾನಿಕಾದಲ್ಲೇ. ಹಲವು ರಾಣಿಗಳು ಸತ್ತುಹೋದವು. ಬದುಕಿದವನ್ನು ರಿಯೊ ಕ್ಲಾರೊ ಪಟ್ಟಣದ ಬಳಿಯ ನೀಲಗಿರಿ ತೋಪಿನಲ್ಲಿ ಪೆಟ್ಟಿಗೆಗಳಲ್ಲಿಟ್ಟರು.

ಈ ಜೇನಿನ ಸ್ವಭಾವ ಕೆರ್‌ಗೆ ಗೊತ್ತಿಲ್ಲದ್ದಲ್ಲ. ಪೆಟ್ಟಿಗೆಯ ಬಾಗಿಲಿಗೆ ಜಾಲರಿ ಹಾಕಿಸಿದ್ದರು. ಕೆಲಸಗಾರ ನೊಣ ನುಸುಳಬಹುದು, ದಪ್ಪಗಿರುವ ರಾಣಿ ನುಸುಳಲಾರದು, ಅಂಥ ಕಿಂಡಿಗಳ ಜಾಲರಿ. ರಾಣಿ ಹೊರಹೋಗದಿದ್ದರೆ ಕುಟುಂಬವೂ ಹೋಗುವುದಿಲ್ಲ. 1957ರಲ್ಲಿ ಅಲ್ಲಿಗೆ ಬಂದ ಜೇನುಗಾರನೊಬ್ಬ, ಈ ಜಾಲರಿಯಿಂದ ನೊಣಗಳ ಓಡಾಟಕ್ಕೆ ತೊಂದರೆಯಾಗುತ್ತಿರುವುದನ್ನು ಕಂಡು ಅವನ್ನು ತೆಗೆದುಬಿಟ್ಟ. ಅವನದು ಒಳ್ಳೆಯ ಉದ್ದೇಶವೇ. ವಿಷಯ ತಿಳಿಯುವಷ್ಟರಲ್ಲಿ 26 ಕುಟುಂಬಗಳು ರಾಣಿಯ ಸಮೇತ ಕಾಡು ಸೇರಿದ್ದವು.

ಇಪ್ಪತ್ತಾರು ಕುಟುಂಬ ದೊಡ್ಡ ಸಂಖ್ಯೆಯೇನಲ್ಲ. ಸುತ್ತಲಿನ ಸಾವಿರಾರು ಯುರೋಪಿಯನ್ ಕುಟುಂಬಗಳ ನಡುವೆ ಅವು ಕರಗಿಹೋಗುತ್ತವೆ ಎಂದು ಯಾರಾದರೂ ಊಹಿಸಬಹುದಿತ್ತು. ಆದದ್ದು ತಿರುಗುಮುರುಗು. ಹೊಸ ರಾಣಿ ಗಾಳಿಯಲ್ಲಿ ಹಾರುತ್ತ ಹತ್ತು ಹದಿನೈದು ಗಂಡುನೊಣಗಳೊಂದಿಗೆ ಕೂಡುತ್ತದೆ. ಆ ಗಂಡುಗಳು ಯಾರ ಪೆಟ್ಟಿಗೆಯವೆಂದು ಯಾವ ಜೇನುಗಾರನೂ ನಿರ್ಧರಿಸಲಾರ. ಆಫ್ರಿಕದ ಜೇನು ಬೇಗ ಬೆಳೆಯುತ್ತದೆ, ವರ್ಷಕ್ಕೆ ಹಲವು ಸಲ ಪಾಲಾಗುತ್ತದೆ, ಹೂವು ಮುಗಿದರೆ ಗೂಡು ಬಿಟ್ಟು ದೂರ ಹೋಗಿ ನೆಲೆಸುತ್ತದೆ. ಹೀಗಾಗಿ ಅದರ ಗುಣಗಳೇ ಮೇಲುಗೈ ಪಡೆದವು. ವರ್ಷಕ್ಕೆ ಮುನ್ನೂರು ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಈ ಜೇನು ಹರಡಿತು. 1970ರ ದಶಕದ ನಡುವಿಗೆ ವೆನೆಜುವೆಲಾ, 1982ರಲ್ಲಿ ಪನಾಮಾ, 1986ರಲ್ಲಿ ಮೆಕ್ಸಿಕೊ. 1990ರ ಅಕ್ಟೋಬರಿನಲ್ಲಿ ಟೆಕ್ಸಸ್‌ನ ಹಿಡಾಲ್ಗೊ ಎಂಬಲ್ಲಿ ಅಮೆರಿಕದ ಗಡಿ ದಾಟಿತು. ದಕ್ಷಿಣದಲ್ಲಿ ಅರ್ಜೆಂಟೀನಾದ ಚಳಿ ಮಾತ್ರ ಅದನ್ನು ತಡೆದು ನಿಲ್ಲಿಸಿತು.

ಅದು ಹೋದಲ್ಲೆಲ್ಲ ಕೋಳಿ, ನಾಯಿ, ಹಸು, ಕುದುರೆಗಳು ಸತ್ತವು. ಮನುಷ್ಯರೂ ಸತ್ತರು. ಹಿತ್ತಲಲ್ಲಿ ಪೆಟ್ಟಿಗೆಯಿಟ್ಟು ಮುಖಕ್ಕೆ ಬಲೆಯನ್ನೂ ಹಾಕದೆ ಕೆಲಸ ಮಾಡುತ್ತಿದ್ದ ಬ್ರೆಜಿಲಿನ ರೈತರಿಗೆ ತಮ್ಮದೇ ಜೇನು ಒಂದೆರಡು ವರ್ಷಗಳಲ್ಲಿ ಅಪರಿಚಿತವಾಯಿತು. ಹಲವರು ಕಸುಬನ್ನೇ ಬಿಟ್ಟರು.

ಹಾಗಾದರೆ ಒಂದೇ ಪ್ರಭೇದದ ಎರಡು ಜೇನುಗಳಲ್ಲಿ ಒಂದು ಹಿತ್ತಲಿಗೆ ಒಗ್ಗುವುದೂ ಇನ್ನೊಂದು ಅಟ್ಟಿಸಿಕೊಂಡು ಬರುವುದೂ ಯಾಕೆ?

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ಬದಿಗಿಡಬೇಕು. ಆಕಾಶದಲ್ಲಿ ಮೋಡದಂತೆ ಹಾರಿಹೋಗುವ, ಕೊಂಬೆಯೊಂದಕ್ಕೆ ಗೊಂಚಲಾಗಿ ಜೋತುಬೀಳುವ ಜೇನಿನ ಹಿಂಡು ನೋಡಲು ಭಯ ಹುಟ್ಟಿಸುತ್ತದೆ. ಆದರೆ ಜೇನು ಅತ್ಯಂತ ಸೌಮ್ಯವಾಗಿರುವ ಹೊತ್ತು ಅದೇ. ಕುಟುಂಬ ಪಾಲಾಗಿ, ಹಳೆಯ ರಾಣಿಯೊಂದಿಗೆ ಹೊಸ ಮನೆ ಹುಡುಕಲು ಹೊರಟ ನೊಣಗಳ ಹೊಟ್ಟೆ ತುಂಬ ತುಪ್ಪವಿರುತ್ತದೆ. ಕಾಯಲು ಮರಿಗಳಿಲ್ಲ, ದಾಸ್ತಾನಿಲ್ಲ. ಸುಮ್ಮನೆ ಬಿಟ್ಟರೆ ಕೆಲವು ಗಂಟೆಗಳಲ್ಲೋ ಒಂದೆರಡು ದಿನಗಳಲ್ಲೋ ಅವು ಹೊರಟುಹೋಗುತ್ತವೆ. ಎರಗುವುದು ಗೂಡು ಕಟ್ಟಿ, ಮೊಟ್ಟೆ ಮರಿ ಮಾಡಿ, ತುಪ್ಪ ಕೂಡಿಟ್ಟ ಜೇನು. ಹೂವಿನ ಮೇಲಿರುವ ನೊಣಕ್ಕೂ ಕಾದಾಡುವ ಉಮೇದಿಲ್ಲ. ಮೈಮೇಲೆ ಬರುವ ಜೇನಿನ ಹಿಂದೆ ಸಮೀಪದಲ್ಲೇ ಎಲ್ಲೋ ಒಂದು ಮನೆಯಿದೆ ಎಂದರ್ಥ.

ಆ ಮನೆಯ ಬಾಗಿಲಲ್ಲಿ ಕಾವಲು ನೊಣಗಳಿರುತ್ತವೆ. ಅದುರು, ನೆರಳು, ಉಸಿರಿನ ಗಾಳಿ, ಕಪ್ಪು ಬಣ್ಣ, ಒರಟು ಕೂದಲು, ಚುರುಕು ಚಲನೆ, ಇವೆಲ್ಲ ಅವುಗಳ ಲೆಕ್ಕದಲ್ಲಿ ಕಳ್ಳನ ಗುರುತುಗಳು. ಗೂಡು ದೋಚುವ ಕರಡಿಯನ್ನೋ ತರಕರಡಿಯನ್ನೋ ಊಹಿಸಿಕೊಂಡರೆ ಈ ಪಟ್ಟಿ ಯಾಕೆ ಹೀಗಿದೆ ಎಂದು ತಿಳಿಯುತ್ತದೆ. ಕಣ್ಣು, ಮೂಗು, ಬಾಯಿಯ ಸುತ್ತಲೇ ಹೆಚ್ಚು ಕಡಿಯುವುದೂ ಅದಕ್ಕೇ. ದಪ್ಪ ತುಪ್ಪಳದ ಪ್ರಾಣಿಗೆ ನೋವಾಗುವ ಜಾಗ ಅಷ್ಟೇ.

ಕೆಲಸಗಾರ ನೊಣದ ಮುಳ್ಳಿಗೆ ಗಾಳದಂಥ ಹಿಂಬಾಗಿದ ಹಲ್ಲುಗಳಿವೆ. ಕಡಿದ ಮುಳ್ಳು ಚರ್ಮದಲ್ಲೇ ಸಿಕ್ಕಿ, ನೊಣದ ಹೊಟ್ಟೆಯ ತುದಿ ಹರಿದು, ನೊಣ ಸಾಯುತ್ತದೆ. ಚರ್ಮದಲ್ಲಿ ಉಳಿದ ವಿಷದ ಚೀಲ ಮತ್ತಷ್ಟು ಹೊತ್ತು ವಿಷ ಒತ್ತುತ್ತಲೇ ಇರುತ್ತದೆ. ಜೊತೆಗೆ ಅಲ್ಲಿಂದ ಒಂದು ವಾಸನೆ ಹೊರಡುತ್ತದೆ. 1962ರಲ್ಲಿ ಕೆನಡಾದ ವಿಜ್ಞಾನಿಗಳು ಆ ವಾಸನೆಯ ಮುಖ್ಯ ಅಂಶವನ್ನು ಗುರುತಿಸಿದರು. ಅದು ಐಸೊಅಮೈಲ್ ಅಸಿಟೇಟ್, ಕಳಿತ ಬಾಳೆಹಣ್ಣಿನ ಪರಿಮಳಕ್ಕೆ ಕಾರಣವಾದ ವಸ್ತು. ಜೇನಿನ ಭಾಷೆಯಲ್ಲಿ ಅದರ ಅರ್ಥ, ‘ಶತ್ರು ಇಲ್ಲಿದ್ದಾನೆ, ಬನ್ನಿ’. ಒಂದು ನೊಣ ಕಡಿದರೆ ಆ ಜಾಗಕ್ಕೆ ಗುರುತು ಬಿದ್ದಂತೆ. ಕೈಬೀಸಿ ನೊಣವನ್ನು ಜಜ್ಜಿದರೂ ಅದೇ ವಾಸನೆ ಹರಡುತ್ತದೆ. ಹತ್ತು ಬಂದು ನೂರಾಗುವುದು, ನೂರು ಸಾವಿರವಾಗುವುದು ಹೀಗೆ. ಜೇನುಗಾರರು ಹೊಗೆ ಹಾಕುವುದರ ಗುಟ್ಟೂ ಇಲ್ಲಿಯೇ ಇದೆ. ಹೊಗೆಯಲ್ಲಿ ನೊಣದ ಮೀಸೆಗಳು ಈ ವಾಸನೆಯನ್ನು ಸರಿಯಾಗಿ ಹಿಡಿಯಲಾರವು.

ಈ ವ್ಯವಸ್ಥೆ ಯುರೋಪಿನ ಜೇನಿಗೂ ಆಫ್ರಿಕದ ಜೇನಿಗೂ ಒಂದೇ. ಬೇರೆಯಾಗಿರುವುದು ಅದರ ಬಿಗಿ. 1982ರಲ್ಲಿ ಅಮೆರಿಕದ ಸಂಶೋಧಕರು ಗೂಡುಗಳ ಮುಂದೆ ಚರ್ಮದ ತುಂಡುಗಳನ್ನು ಅಲುಗಾಡಿಸಿ, ಎಷ್ಟು ಮುಳ್ಳು ನೆಟ್ಟವೆಂದು ಎಣಿಸಿದ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ವೆನೆಜುವೆಲಾದ ಆಫ್ರಿಕನ್ ಮಿಶ್ರ ಜೇನು ಯುರೋಪಿಯನ್ ಜೇನಿಗಿಂತ ಬೇಗ ಎದ್ದಿತ್ತು, ಹೆಚ್ಚು ಸಂಖ್ಯೆಯಲ್ಲಿ ಬಂದಿತ್ತು, ಸುಮಾರು ಎಂಟು ಪಟ್ಟು ಹೆಚ್ಚು ಮುಳ್ಳು ಬಿಟ್ಟಿತ್ತು. ಯುರೋಪಿನ ಜೇನು ಕೆಲವು ಹೆಜ್ಜೆ ಅಟ್ಟಿ ಹಿಂದಿರುಗುವಲ್ಲಿ ಇದು ನೂರಾರು ಮೀಟರು ಬೆನ್ನಟ್ಟುತ್ತದೆ. ಒಮ್ಮೆ ಕೆರಳಿದರೆ ಗಂಟೆಗಟ್ಟಲೆ ತಣಿಯುವುದಿಲ್ಲ. ಆದರೆ ಒಂದೊಂದು ಕಡಿತದ ವಿಷ ಯುರೋಪಿನ ಜೇನಿಗಿಂತ ಹೆಚ್ಚೇನಲ್ಲ. ಅಪಾಯವೆಲ್ಲ ಸಂಖ್ಯೆಯಲ್ಲಿದೆ.

ಈ ಬಿಗಿಯ ಮೂಲ ಹುಡುಕಿದರೆ ಎರಡು ಖಂಡಗಳ ಬೇರೆ ಬೇರೆ ಇತಿಹಾಸ ಎದುರಾಗುತ್ತದೆ. ಆಫ್ರಿಕದಲ್ಲಿ ಮನುಷ್ಯ ಜೇನು ಕೀಳುತ್ತ ಬಂದ ಕಾಲ ಎಷ್ಟು ದೀರ್ಘವೆಂದರೆ ಅಲ್ಲೊಂದು ಹಕ್ಕಿಯೇ ಅದಕ್ಕೆ ಹೊಂದಿಕೊಂಡಿದೆ. ಜೇನುದಾರಿಹಕ್ಕಿ ಎನ್ನಬಹುದಾದ ಈ ಪಕ್ಷಿ ಮನುಷ್ಯರನ್ನು ಕೂಗಿ ಕರೆದು, ಮರದಿಂದ ಮರಕ್ಕೆ ಹಾರುತ್ತ ಗೂಡಿನವರೆಗೆ ಕರೆದೊಯ್ಯುತ್ತದೆ. ಮನುಷ್ಯ ಕೊಡಲಿಯಿಂದ ಮರ ಸೀಳಿ ತುಪ್ಪ ತೆಗೆದ ಮೇಲೆ ಉಳಿದ ಮೇಣ ಹಕ್ಕಿಯ ಪಾಲು. ತಾಂಜಾನಿಯಾದ ಹಾಡ್ಜಾ ಜನ, ಮೊಜಾಂಬಿಕ್‌ನ ಯಾವೊ ಜನ ಇಂದಿಗೂ ಈ ಹಕ್ಕಿಯ ಜೊತೆ ಬೇಟೆಗೆ ಹೋಗುತ್ತಾರೆ. ಇದರ ಮೇಲೆ ತರಕರಡಿ, ಇರುವೆ ಸೈನ್ಯ, ಕಾಳ್ಗಿಚ್ಚು, ಬರ. ಅಲ್ಲಿ ಮೆತ್ತಗಿದ್ದ ಕುಟುಂಬದ ಗೂಡು ಒಡೆಯಿತು. ಮೊದಲ ಅದುರಿಗೇ ಎದ್ದು ಬೆನ್ನಟ್ಟಿದ ಕುಟುಂಬ ಉಳಿದು ಸಂತಾನ ಬೆಳೆಸಿತು. ಸಾವಿರಾರು ತಲೆಮಾರು ಹೀಗೇ ನಡೆಯಿತು.

ಯುರೋಪಿನ ಜೇನಿಗೆ ಇದ್ದ ದೊಡ್ಡ ಶತ್ರು ಚಳಿಗಾಲ. ಹೂವಿಲ್ಲದ ಐದಾರು ತಿಂಗಳಿಗೆ ಸಾಕಾಗುವಷ್ಟು ತುಪ್ಪ ಕೂಡಿಡುವುದೇ ಅಲ್ಲಿ ಬದುಕುವ ದಾರಿ. ಮನುಷ್ಯನೂ ಅಲ್ಲಿ ಜೇನನ್ನು ಮನೆಯ ಬಳಿ ತಂದು ಸಾಕಿದ. ಹತ್ತೊಂಬತ್ತನೇ ಶತಮಾನದಲ್ಲಿ ಚೌಕಟ್ಟುಗಳ ಪೆಟ್ಟಿಗೆ ಬಂದ ಮೇಲೆ ಸೌಮ್ಯ ಕುಟುಂಬದ ರಾಣಿಯನ್ನೇ ಆರಿಸಿ ಬೆಳೆಸುವುದು ಸುಲಭವಾಯಿತು. ಒಂದು ಜೇನನ್ನು ದರೋಡೆ ರೂಪಿಸಿತು, ಇನ್ನೊಂದನ್ನು ಸಾಕಣೆ ರೂಪಿಸಿತು. ಮನುಷ್ಯ ತನ್ನನ್ನು ಅಟ್ಟಿಸಿಕೊಂಡು ಬರುವ ಜೇನಿನಲ್ಲಿ ಕಾಣುವ ಸಿಟ್ಟಿನಲ್ಲಿ ಅವನದೇ ಪೂರ್ವಜರ ಕೈವಾಡವೂ ಇದೆ.

ಪತ್ರಿಕೆಗಳಿಗೆ ಇಷ್ಟು ಉದ್ದದ ಕಥೆ ಬೇಕಿರಲಿಲ್ಲ. ‘ಕೊಲೆಗಾರ ಜೇನು’ ಎಂಬ ಎರಡು ಪದ ಸಾಕಾಯಿತು. 1964ರಲ್ಲಿ ಬ್ರೆಜಿಲಿನಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಕೆರ್ ಬಾಯಿ ಮುಚ್ಚಿಕೊಂಡಿರುವ ಜಾತಿಯವರಲ್ಲ. ಸೇನಾಡಳಿತದ ಅನ್ಯಾಯಗಳನ್ನು, ಬಂಧನದಲ್ಲಿದ್ದ ಸನ್ಯಾಸಿನಿಯೊಬ್ಬರಿಗೆ ಕೊಟ್ಟ ಚಿತ್ರಹಿಂಸೆಯನ್ನು ಬಹಿರಂಗವಾಗಿ ಖಂಡಿಸಿ ಅವರೂ ಜೈಲು ಕಂಡರು. ಅಂಥ ಹೊತ್ತಿನಲ್ಲಿ ಅವರ ಹೆಸರಿಗೆ ಅಂಟಿಕೊಂಡಿದ್ದದ್ದು ಈ ಜೇನು. ಕೊಲೆಗಾರ ಕೀಟ ಸೃಷ್ಟಿಸಿದ ಹುಚ್ಚು ವಿಜ್ಞಾನಿಯ ಚಿತ್ರ ದೇಶ ದೇಶಗಳಿಗೆ ಹರಡಿತು. ಆಫ್ರಿಕದಿಂದ ಬಂದು, ದಕ್ಷಿಣದಿಂದ ಗಡಿ ದಾಟಿ ಉತ್ತರಕ್ಕೆ ನುಗ್ಗುವ, ಸೌಮ್ಯ ಯುರೋಪಿಯನ್ನರನ್ನು ಕೆಡಿಸುವ ಜೇನು ಎಂಬ ವರ್ಣನೆಯಲ್ಲಿ ಕೀಟದ ಮಾತೆಷ್ಟು, ಮನುಷ್ಯರ ಬಗೆಗಿನ ಭಯವೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. 1978ರಲ್ಲಿ ಹಾಲಿವುಡ್ ‘ದ ಸ್ವಾರ್ಮ್’ ಎಂಬ ಚಿತ್ರ ತೆಗೆಯಿತು. ಅದರಲ್ಲಿ ಜೇನಿನ ಹಿಂಡು ಊರಿಗೆ ಊರನ್ನೇ ನಾಶಮಾಡುತ್ತದೆ.

ನಿಜವಾಗಿ ನಡೆದದ್ದು ಅಷ್ಟು ನಾಟಕೀಯವಲ್ಲ, ದುಃಖದ್ದಂತೂ ಹೌದು. ಅಮೆರಿಕದಲ್ಲಿ ಈ ಜೇನಿನಿಂದಾದ ಮೊದಲ ಸಾವು 1993ರಲ್ಲಿ, ಟೆಕ್ಸಸ್‌ನಲ್ಲಿ. ಸತ್ತವರು ಪಾಳುಮನೆಯೊಂದರಲ್ಲಿ ಕಟ್ಟಿದ್ದ ಗೂಡನ್ನು ತೆಗೆಯಲು ಹೋದ ಎಂಬತ್ತು ದಾಟಿದ ವೃದ್ಧರು. ಇಂಥ ಸಾವುಗಳ ಮಾದರಿ ಹೆಚ್ಚುಕಡಿಮೆ ಒಂದೇ. ಗೂಡು ಇರುವುದು ಗೊತ್ತಿಲ್ಲದೆ ಯಂತ್ರ ಓಡಿಸಿದವರು, ಗೊತ್ತಿದ್ದೂ ಕೆಣಕಿದವರು, ಓಡಲಾಗದ ಮುದುಕರು, ಕಟ್ಟಿಹಾಕಿದ ದನ ನಾಯಿಗಳು. ಅಲರ್ಜಿ ಇರುವವರಿಗೆ ಒಂದೇ ಕಡಿತ ಮಾರಕವಾಗಬಹುದು. ಅಲರ್ಜಿ ಇಲ್ಲದ ಆರೋಗ್ಯವಂತ ವಯಸ್ಕರಿಗೆ ಸಾವಿರದ ಆಸುಪಾಸಿನ ಕಡಿತ ಪ್ರಾಣಾಂತಿಕ ಎಂಬ ಅಂದಾಜಿದೆ. ಮಕ್ಕಳ ಲೆಕ್ಕ ಇದಕ್ಕಿಂತ ಬಹಳ ಕಡಿಮೆ. ನೂರಾರು ಕಡಿತವಾದರೆ ಮೂತ್ರಪಿಂಡಗಳು ಕೈಕೊಡಬಹುದು. 1962ರಲ್ಲಿ ಇಂದಿನ ಜಿಂಬಾಬ್ವೆಯಲ್ಲಿ ಒಬ್ಬ ಮನುಷ್ಯನ ಮೈಯಿಂದ 2,443 ಮುಳ್ಳುಗಳನ್ನು ತೆಗೆದರು, ಅವನು ಬದುಕಿಕೊಂಡ ಎಂಬ ದಾಖಲೆಯೂ ಇದೆ.

ಭಯದ ಕಥೆ ಸಿನಿಮಾಗಳಲ್ಲಿ ಓಡುತ್ತಿದ್ದಾಗ ಬ್ರೆಜಿಲಿನ ಜೇನುಗಾರರು ಸದ್ದಿಲ್ಲದೆ ತಮ್ಮ ರೀತಿ ಬದಲಿಸಿಕೊಂಡರು. ಪೆಟ್ಟಿಗೆಗಳನ್ನು ಮನೆ, ಕೊಟ್ಟಿಗೆ, ರಸ್ತೆಗಳಿಂದ ದೂರ ಒಯ್ದರು. ಒಂದು ಗೂಡಿನ ಅದುರು ಇನ್ನೊಂದಕ್ಕೆ ತಾಗದಂತೆ ಒಂದೊಂದನ್ನೂ ಬೇರೆ ಕಾಲಿನ ಮೇಲಿಟ್ಟರು. ದಪ್ಪ ಬಿಳಿ ಉಡುಪು ಹೊಲಿಸಿದರು, ಹೊಗೆಡಬ್ಬಿಯನ್ನು ದೊಡ್ಡದು ಮಾಡಿದರು. ತೀರ ಕೆರಳುವ ಕುಟುಂಬಗಳ ರಾಣಿಯನ್ನು ಬದಲಿಸಿದರು. ಕೆರ್ ಮತ್ತು ಅವರ ಜೊತೆಗಾರರು ಸೌಮ್ಯ ತಳಿಯ ರಾಣಿಗಳನ್ನು ಬೆಳೆಸಿ ಹಂಚಿದರು. ಕುಸಿದಿದ್ದ ಉತ್ಪಾದನೆ ಮತ್ತೆ ಏರಿತು. ಬೇರೆ ದೇಶಗಳ ಜೇನನ್ನು ವರ್ರೋವಾ ಎಂಬ ಉಣ್ಣೆಹುಳ ಮುಗಿಸುತ್ತಿದ್ದಾಗ ಈ ಮಿಶ್ರ ಜೇನು ಔಷಧಿಯಿಲ್ಲದೆಯೇ ತಾಳಿಕೊಂಡಿತು. ಒಣನೆಲದ ಪಿಯಾವಿ ರಾಜ್ಯದಂಥ ಕಡೆಗಳಲ್ಲಿ ಬಡ ರೈತರಿಗೆ ಜೇನು ಹೊಸ ಆದಾಯವಾಯಿತು. ಇಂದು ಬ್ರೆಜಿಲ್ ಜಗತ್ತಿನ ಪ್ರಮುಖ ಜೇನುತುಪ್ಪ ರಫ್ತುದಾರ ದೇಶಗಳಲ್ಲೊಂದು, ಆ ತುಪ್ಪವೆಲ್ಲ ಬಹುಮಟ್ಟಿಗೆ ‘ಕೊಲೆಗಾರ’ನದೇ. ಕೆರ್ ಮುಂದೆ ಅಮೆಜಾನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು, ಮುಳ್ಳಿಲ್ಲದ ಜೇನಿನ ಅಧ್ಯಯನ ಮುಂದುವರಿಸಿದರು, 2018ರಲ್ಲಿ 96ನೇ ವಯಸ್ಸಿನಲ್ಲಿ ತೀರಿಕೊಂಡರು.

ಇದಕ್ಕಿಂತ ವಿಚಿತ್ರವಾದದ್ದು ಪೋರ್ಟೊ ರಿಕೊ ದ್ವೀಪದಲ್ಲಿ ನಡೆಯಿತು. 1994ರಲ್ಲಿ ಆಫ್ರಿಕನ್ ಮಿಶ್ರ ಜೇನು ಅಲ್ಲಿಗೂ ಬಂತು. ಮೊದಮೊದಲು ಎಂದಿನಂತೆ ದಾಳಿಗಳಾದವು. ಆದರೆ ಒಂದೆರಡು ದಶಕಗಳಲ್ಲಿ ಅಲ್ಲಿನ ಜೇನು ಸೌಮ್ಯವಾಗಿರುವುದು ಸಂಶೋಧಕರ ಗಮನಕ್ಕೆ ಬಂತು. ಮೈಯಲ್ಲಿ ಆಫ್ರಿಕನ್ ಅಂಶಗಳು ಹಾಗೇ ಇದ್ದವು, ಕಡಿಯುವ ಆತುರ ಮಾತ್ರ ಯುರೋಪಿನ ಜೇನಿನಷ್ಟು. 2012ರಲ್ಲೂ 2017ರಲ್ಲೂ ಇದರ ಅಧ್ಯಯನಗಳು ಪ್ರಕಟವಾದವು. ಸಂಶೋಧಕರು ಕೊಡುವ ವಿವರಣೆ ಹೀಗಿದೆ: ಅದು ಜನದಟ್ಟಣೆಯ ಚಿಕ್ಕ ದ್ವೀಪ, ಹಾರಿಹೋಗಲು ಬೇರೆ ಜಾಗವಿಲ್ಲ, ತೊಂದರೆ ಕೊಟ್ಟ ಗೂಡುಗಳನ್ನು ಜನ ನಾಶಮಾಡಿದರು, ತಂಟೆ ಮಾಡದವು ಉಳಿದವು. ಆಫ್ರಿಕದಲ್ಲಿ ಸಿಟ್ಟನ್ನು ಆರಿಸಿದ ಅದೇ ನಿಯಮ ಇಲ್ಲಿ ಶಾಂತಿಯನ್ನು ಆರಿಸಿತು. ಜೇನಿನ ಸ್ವಭಾವ ಕಲ್ಲಿನಲ್ಲಿ ಕೊರೆದದ್ದಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಆಫ್ರಿಕದ ಜೇನು ಭಾರತಕ್ಕೆ ಬಂದಿಲ್ಲ. ಬರಬೇಕಾದ ಅಗತ್ಯವೂ ಇಲ್ಲ, ಯಾಕೆಂದರೆ ಇಲ್ಲಿ ಹೆಜ್ಜೇನಿದೆ. ಹಿರಿದಾದ ಜೇನು ಹೆಜ್ಜೇನು. ತುಡುವೆಯಂತೆ ಪೊಟರೆಯೊಳಗೆ ಅಡಗದೆ, ಹೆಮ್ಮರದ ಕೊಂಬೆ, ಬಂಡೆಯ ಚಾಚು, ನೀರಿನ ಟ್ಯಾಂಕು, ಬಹುಮಹಡಿ ಕಟ್ಟಡದ ಸಜ್ಜೆಯ ಕೆಳಗೆ ಒಂದೇ ಒಂದು ದೊಡ್ಡ ಎರಿಯನ್ನು ಬಯಲಿನಲ್ಲಿ ತೂಗುಬಿಡುತ್ತದೆ. ಅದಕ್ಕೆ ಗೋಡೆಯಿಲ್ಲ, ಬಾಗಿಲಿಲ್ಲ. ನೊಣಗಳೇ ಒಂದರ ಮೇಲೊಂದು ಕುಳಿತು ಗೋಡೆಯಾಗುತ್ತವೆ. ಕಣಜ ಹತ್ತಿರ ಬಂದಾಗ ಸಾವಿರಾರು ನೊಣಗಳು ಸರದಿಯಂತೆ ಹೊಟ್ಟೆಯೆತ್ತಿ ಎರಿಯ ಮೇಲೆ ಅಲೆ ಹರಿಸುತ್ತವೆ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಅಲೆ ಕಣಜವನ್ನು ಹಿಮ್ಮೆಟ್ಟಿಸುವುದನ್ನು ತೋರಿಸಿತು. ಇಷ್ಟು ಬಯಲಾದ ಮನೆಯಲ್ಲಿ ಬದುಕುವ ಜೀವಿಗೆ ಕಾವಲು ಬಿಗಿಯಾಗಿರಲೇಬೇಕು.

ಹೆಜ್ಜೇನಿಗೂ ದರೋಡೆಯ ದೀರ್ಘ ಇತಿಹಾಸವಿದೆ. ಮಧ್ಯಪ್ರದೇಶದ ಪಚ್‌ಮಢಿಯ ಬಂಡೆಗಳ ಮೇಲೆ ಏಣಿ ಹತ್ತಿ ಜೇನು ಕೀಳುವವರ ಪ್ರಾಚೀನ ಚಿತ್ರಗಳಿವೆ. ಅಲ್ಲಿಂದ ಹೆಚ್ಚು ದೂರವಲ್ಲದ ಭೇಡಾಘಾಟ್‌ನ ಅಮೃತಶಿಲೆಯ ಕಂದರದಲ್ಲಿ, ಹತ್ತೊಂಬತ್ತನೇ ಶತಮಾನದಲ್ಲಿ ರೈಲುದಾರಿಯ ಸರ್ವೆಗೆ ಬಂದ ಎಂಜಿನಿಯರೊಬ್ಬ ಹೆಜ್ಜೇನಿನಿಂದ ತಪ್ಪಿಸಿಕೊಳ್ಳಲು ನರ್ಮದೆಗೆ ಹಾರಿ ಮುಳುಗಿ ಸತ್ತ. ನೀರು ಜೇನಿನಿಂದ ಕಾಪಾಡುವುದಿಲ್ಲ. ಉಸಿರಿಗೆ ತಲೆಯೆತ್ತುವವರೆಗೆ ಜೇನು ಕಾಯುತ್ತದೆ.

ಇದನ್ನೆಲ್ಲ ಪುಸ್ತಕವಿಲ್ಲದೆ ತಿಳಿದವರಿದ್ದಾರೆ. ಮೈಸೂರು, ಕೊಡಗು ಭಾಗದ ಕಾಡುಗಳ ಜೇನುಕುರುಬರು ಹೆಜ್ಜೇನು ಕೀಳಲು ಆರಿಸುವುದು ಕತ್ತಲ ರಾತ್ರಿಯನ್ನು. ರಾತ್ರಿ ನೊಣಕ್ಕೆ ಕಣ್ಣು ಸಾಲದು. ಹಸಿ ಸೊಪ್ಪಿನ ಹೊಗೆ ವಾಸನೆಯ ಸಂದೇಶವನ್ನು ಮುಚ್ಚುತ್ತದೆ. ಅವರು ಜೇನಿನ ಸಿಟ್ಟನ್ನು ಗೆಲ್ಲಲು ಹೋಗದೆ ಅದು ಏಳದಂತೆ ನೋಡಿಕೊಳ್ಳುತ್ತಾರೆ.

ಪಟ್ಟಣದಲ್ಲಿ ಆ ತಿಳಿವಳಿಕೆ ಇಲ್ಲ. ಕಾಲೇಜಿನ ಆವರಣದಲ್ಲೋ ಕೋಟೆಯ ಬಾಗಿಲಲ್ಲೋ ಮದುವೆ ಮಂಟಪದಲ್ಲೋ ಹೆಜ್ಜೇನು ಎದ್ದಿತೆಂಬ ಸುದ್ದಿ ಪ್ರತಿ ಬೇಸಿಗೆಯಲ್ಲೂ ಬರುತ್ತದೆ. ಸುದ್ದಿಯಲ್ಲಿ ಅದು ‘ಏಕಾಏಕಿ ದಾಳಿ’. ಗೂಡಿನ ಕಡೆಯಿಂದ ನೋಡಿದರೆ ಏಕಾಏಕಿ ಏನೂ ಇರುವುದಿಲ್ಲ. ಯಾರೋ ಕಲ್ಲೆಸೆದಿರುತ್ತಾರೆ, ಒಲೆಯ ಹೊಗೆಯೋ ಪಟಾಕಿಯದೋ ತಾಗಿರುತ್ತದೆ, ಅಥವಾ ಜೇನುಗಿಡುಗ ಎರಿಗೆ ಎರಗಿ ತುಂಡು ಕಿತ್ತೊಯ್ದಿರುತ್ತದೆ. ಗಿಡುಗ ಹಾರಿಹೋದ ಮೇಲೆ ಕೆಳಗೆ ನಡೆದು ಹೋಗುತ್ತಿದ್ದವನಿಗೆ ಅದರ ಪಾಲಿನ ಶಿಕ್ಷೆ. ಆಗ ಮಾಡಬಹುದಾದದ್ದು ಕಡಿಮೆ, ಆದರೆ ಇಲ್ಲದಿಲ್ಲ. ಕೈಬೀಸದೆ, ಮುಖ ಮುಚ್ಚಿಕೊಂಡು, ನಿಲ್ಲದೆ ಓಡಿ ಬಾಗಿಲು ಮುಚ್ಚಬಹುದಾದ ಜಾಗ ಸೇರುವುದು. ಮುಳ್ಳುಗಳನ್ನು ತಡಮಾಡದೆ ಕೆರೆದು ತೆಗೆಯುವುದು. ಕಡಿತ ಹೆಚ್ಚಿದ್ದರೆ ಅಥವಾ ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗುವುದು.

ಸಜ್ಜೆಯ ಕೆಳಗೆ ಗೂಡು ಕಂಡೊಡನೆ ವಿಷ ಸಿಂಪಡಿಸಲೋ ಬೆಂಕಿ ಇಡಲೋ ಹಗಲಿನಲ್ಲಿ ಜನರನ್ನು ಕರೆಸುವ ಸೊಸೈಟಿಗಳಿಗೆ ಗೊತ್ತಿರಬೇಕಾದ ಇನ್ನೊಂದು ಸಂಗತಿಯಿದೆ. ಹೆಜ್ಜೇನು ಬಾಡಿಗೆದಾರನೂ ಅಲ್ಲ, ಋತುವಿಗೆ ಬಂದು ಹೋಗುವ ಅತಿಥಿ. ಹೂವು ಮುಗಿದ ಮೇಲೆ ಎರಿಯನ್ನು ಖಾಲಿ ಬಿಟ್ಟು ನೂರಾರು ಕಿಲೋಮೀಟರ್ ದೂರ ವಲಸೆ ಹೋಗುತ್ತದೆ. ತುಂಬಿದ ಗೂಡನ್ನು ಕೆಣಕುವುದಕ್ಕಿಂತ ಆ ಬಾಲ್ಕನಿಯ ಬಾಗಿಲನ್ನು ಕೆಲವು ತಿಂಗಳು ಮುಚ್ಚಿಡುವುದು ಎಷ್ಟೋ ಸಲ ಕಡಿಮೆ ಅಪಾಯದ ದಾರಿ. ಜನ ಓಡಾಡುವ ಜಾಗದಲ್ಲೇ ಇದ್ದು ತೆಗೆಸಲೇಬೇಕಾದರೆ ಅದು ಜೇನಿನ ರೀತಿನೀತಿ ಬಲ್ಲವರು ಕತ್ತಲಾದ ಮೇಲೆ ಮಾಡುವ ಕೆಲಸ. ಅಲ್ಲಿಯವರೆಗೆ ಆ ನೊಣಗಳು ಸುತ್ತಲಿನ ಹೊಂಗೆ, ನೇರಳೆ, ಹುಣಸೆ ಮರಗಳ ಹೂವಿನಲ್ಲಿ ಕೆಲಸ ಮಾಡುತ್ತಿರುತ್ತವೆ, ಕೆಳಗೆ ಮಕ್ಕಳು ಆಡುತ್ತಿರುವುದು ಅವುಗಳ ಲೆಕ್ಕಕ್ಕೇ ಇರುವುದಿಲ್ಲ.